ಕಡತದ ಸರದಿ: ಸರ್ಕಾರಿ ನೌಕರ ಮತ್ತು ರಾಜಕೀಯ ನಿಷ್ಪಕ್ಷಪಾತ

(ಶಿರಸಿಯಲ್ಲಿ, ಹೊಸದಾಗಿ ಸೇವೆಗೆ ಸೇರಿದ ಗ್ರಾಮ ಆಡಳಿತಾಧಿಕಾರಿಗಳು, ಪಂಚಾಯತ್ ನೌಕರರು, ಶಿಕ್ಷಕರು ಮತ್ತು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭೆಯಿಂದ ಬಂದ ಒಂದು ಪ್ರಶ್ನೆಯನ್ನು ಉಳಿಸಿಕೊಂಡಿದ್ದೇನೆ.)

ಸಂಘಟಕರು ನನಗೆ ಕೊಟ್ಟ ವಿಷಯ ‘ಸರ್ಕಾರಿ ನೌಕರನ ರಾಜಕೀಯ ತಟಸ್ಥತೆ’. ಈ ಪದದ ಜೊತೆ ನನಗೆ ಹಳೆಯದೊಂದು ತಕರಾರಿದೆ. ತಟ ಎಂದರೆ ದಡ. ದಡದ ಮೇಲೆ ನಿಂತು ನೀರಿನಲ್ಲಿ ನಡೆಯುವುದನ್ನು ನೋಡುತ್ತಿರುವವನು ತಟಸ್ಥ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳ ನಡುವೆ ಬದುಕುವ ನಮ್ಮ ಜಿಲ್ಲೆಯವರಿಗೆ ದಡದ ಮೇಲೆ ನಿಂತವನಿಗೂ ನೀರಿಗಿಳಿದವನಿಗೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರಿ ನೌಕರ ದಡದ ಮೇಲೆ ನಿಲ್ಲುವವನಲ್ಲ. ಪಹಣಿ, ಪಡಿತರ ಚೀಟಿ, ವಿಧವಾ ವೇತನ, ನೆರೆ ಪರಿಹಾರ, ಅರಣ್ಯ ಹಕ್ಕಿನ ಅರ್ಜಿ, ಎಲ್ಲವೂ ಅವನ ಕೈಯಿಂದಲೇ ದಾಟಿ ಜನರ ಮನೆ ಸೇರಬೇಕು. ಅವನ ಸ್ಥಿತಿ ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ಜನರನ್ನು ದಾಟಿಸುವ ದೋಣಿಯವನಂಥದ್ದು: ಅವನು ಹೊಳೆಯ ನಡುವೆಯೇ ಇರುತ್ತಾನೆ, ಮೈ ತೋಯಿಸಿಕೊಳ್ಳುತ್ತಾನೆ, ಆದರೆ ಹತ್ತಲು ಬಂದವರು ಯಾರ ಕಡೆಯವರೆಂದು ಕೇಳುವುದಿಲ್ಲ. ಹಾಗಾಗಿ ನಾನು ‘ನಿಷ್ಪಕ್ಷಪಾತ’ ಎಂಬ ಮಾತನ್ನೇ ಹೆಚ್ಚು ಬಳಸುತ್ತೇನೆ. ಪಾತವೆಂದರೆ ಬೀಳುವುದು. ಒಂದು ಪಕ್ಷದ ಕಡೆಗೆ ಬೀಳದೆ ನಿಂತು ಕೆಲಸ ಮಾಡುವುದು, ಇಷ್ಟು ಸರಳ ಅರ್ಥ ಅದರಲ್ಲಿದೆ. ನಿಂತಿರುವುದೇ ಕಷ್ಟದ ಕೆಲಸವೆಂಬುದೂ ಅದರಲ್ಲಿಯೇ ಇದೆ.

ನಿಯಮ ಏನು ಹೇಳುತ್ತದೆಂಬುದನ್ನು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ಅದು ನಿಮಗೆ ತರಬೇತಿಯಲ್ಲಿ ಸಿಗುತ್ತದೆ. ನಮ್ಮ ರಾಜ್ಯದ ನೌಕರರಿಗೆ 1966ರ ನಡತೆ ನಿಯಮಗಳಿದ್ದವು. 2021ರಲ್ಲಿ ಹೊಸ ನಡತೆ ನಿಯಮಗಳು ಬಂದವು. ಕೇಂದ್ರದ ನೌಕರರಿಗೆ 1964ರ ನಿಯಮಗಳು, ಐಎಎಸ್ ಮತ್ತು ಐಪಿಎಸ್‌ನವರಿಗೆ 1968ರ ನಿಯಮಗಳು ಇವೆ. ಎಲ್ಲದರ ಸಾರ ಒಂದೇ: ಪಕ್ಷದ ಸದಸ್ಯನಾಗಬಾರದು, ರಾಜಕೀಯ ಚಟುವಟಿಕೆಗೆ ಚಂದಾ ಕೊಡಬಾರದು, ಚುನಾವಣೆಯಲ್ಲಿ ಯಾರ ಪರವಾಗಿಯೂ ಪ್ರಚಾರ ಮಾಡಬಾರದು; ಮತ ಹಾಕಬಹುದು, ಆದರೆ ಯಾರಿಗೆ ಹಾಕಿದೆನೆಂದಾಗಲಿ ಹಾಕುತ್ತೇನೆಂದಾಗಲಿ ಸುಳಿವು ಕೊಡಬಾರದು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 129ನೇ ಕಲಮು ಚುನಾವಣಾ ಕರ್ತವ್ಯದಲ್ಲಿರುವ ಅಧಿಕಾರಿ ಯಾವ ಅಭ್ಯರ್ಥಿಗೂ ನೆರವಾಗುವಂತಿಲ್ಲ ಎನ್ನುತ್ತದೆ. 134ಎ ಕಲಮು ಸರ್ಕಾರಿ ನೌಕರ ಅಭ್ಯರ್ಥಿಯ ಏಜೆಂಟನಾಗಿ ಕುಳಿತರೆ ಮೂರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು ಎನ್ನುತ್ತದೆ. ಇವು ಹೊರಗಿನ ಬೇಲಿ. ಬೇಲಿ ಹಾರಿ ಸಿಕ್ಕಿಬಿದ್ದವರು ಕಡಿಮೆ. ನಾನು ನೋಡಿದ ಮಟ್ಟಿಗೆ, ನಿಷ್ಪಕ್ಷಪಾತ ಕೆಡುವುದು ಬೇಲಿಯ ಒಳಗೇ, ಯಾವ ನಿಯಮವನ್ನೂ ಮುರಿಯದೆ.

ಅದಕ್ಕೆ ಬರುವ ಮುನ್ನ ಇತಿಹಾಸದ ಎರಡು ವಿಷಯಗಳು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಅವರು ಪ್ರಧಾನಿ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುಗೊಳಿಸಿದ್ದು ನಿಮಗೆ ಗೊತ್ತು. ಆದರೆ ಯಾವ ಕಾರಣಕ್ಕೆಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಕಾರಣಗಳೆರಡೂ ಸರ್ಕಾರಿ ನೌಕರರಿಗೆ ಸಂಬಂಧಿಸಿದವು. ಯಶಪಾಲ್ ಕಪೂರ್ ಎಂಬ ಗೆಜೆಟೆಡ್ ಅಧಿಕಾರಿ, ರಾಜೀನಾಮೆ ಅಂಗೀಕಾರವಾಗುವ ಮೊದಲೇ ಚುನಾವಣಾ ಕೆಲಸದಲ್ಲಿ ತೊಡಗಿದ್ದರು ಎಂಬುದು ಒಂದು. ಪ್ರಚಾರ ಸಭೆಗಳಿಗೆ ವೇದಿಕೆ ಕಟ್ಟಿಸಲು ಮತ್ತು ಧ್ವನಿವರ್ಧಕಕ್ಕೆ ವಿದ್ಯುತ್ ಒದಗಿಸಲು ಜಿಲ್ಲೆಯ ಅಧಿಕಾರಿಗಳನ್ನೂ ಇಂಜಿನಿಯರುಗಳನ್ನೂ ಬಳಸಿಕೊಳ್ಳಲಾಗಿತ್ತು ಎಂಬುದು ಇನ್ನೊಂದು. ಆಮೇಲೆ ಕಾಯ್ದೆಗೆ ತಿದ್ದುಪಡಿಯಾಯಿತು, ನವೆಂಬರ್ 7ರಂದು ಸುಪ್ರೀಂ ಕೋರ್ಟು ಆ ಆಯ್ಕೆಯನ್ನು ಎತ್ತಿಹಿಡಿಯಿತು. ಆ ತೀರ್ಪುಗಳ ಸರಿತಪ್ಪನ್ನು ಇಲ್ಲಿ ತೂಗುತ್ತಿಲ್ಲ. ಒಂದು ಹಲಗೆಯ ವೇದಿಕೆ, ಒಂದು ವಿದ್ಯುತ್ ತಂತಿ, ಒಂದು ರಾಜೀನಾಮೆ ಪತ್ರದ ತಾರೀಖು ದೇಶದ ಚರಿತ್ರೆಯನ್ನು ಅಲುಗಾಡಿಸಿದವೆಂಬುದನ್ನು ನೀವು ನೆನಪಿಟ್ಟುಕೊಳ್ಳಬೇಕೆಂಬುದು ನನ್ನ ಆಸೆ. ಲೋಕೋಪಯೋಗಿ ಇಲಾಖೆಯ ಕಿರಿಯ ನೌಕರನೊಬ್ಬ ಇಂದು ಯಾರೋ ಹೇಳಿದರೆಂದು ಶಾಮಿಯಾನ ಹಾಕಿಸುವಾಗ, ತಾನು ಮಾಡುತ್ತಿರುವುದು ತೀರ ಸಣ್ಣ ಕೆಲಸವೆಂದು ತಿಳಿದಿರುತ್ತಾನೆ.

ಎರಡನೆಯದು ನಮ್ಮ ಕಾರವಾರಕ್ಕೆ ಸೇರಿದ್ದು. ಟಾಗೋರ್ ಕಡಲತೀರ ಎಂದು ನಾವು ಕರೆಯುವ ತೀರಕ್ಕೆ ಆ ಹೆಸರು ಬಂದದ್ದು ರವೀಂದ್ರನಾಥರಿಂದ. ಆದರೆ ಅವರು ಇಲ್ಲಿಗೆ ಬಂದದ್ದು ಅಣ್ಣನ ಮನೆಗೆ. ಆ ಅಣ್ಣ ಸತ್ಯೇಂದ್ರನಾಥ ಟಾಗೋರ್ ಇಂಡಿಯನ್ ಸಿವಿಲ್ ಸರ್ವಿಸಿಗೆ ಆಯ್ಕೆಯಾದ ಮೊದಲ ಭಾರತೀಯರು, 1863ರಲ್ಲಿ; 1880ರ ದಶಕದ ಆರಂಭದಲ್ಲಿ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಅವರೇ ಬಂಗಾಳದ ಹಿಂದೂ ಮೇಳಕ್ಕಾಗಿ ದೇಶಭಕ್ತಿಯ ಹಾಡು ಬರೆದವರು ಕೂಡ. ಎದೆಯಲ್ಲಿ ದೇಶದ ಹಾಡು, ಕುಳಿತದ್ದು ಬ್ರಿಟಿಷರ ನ್ಯಾಯಾಸನದ ಮೇಲೆ. ಆ ಇಕ್ಕಟ್ಟು ನಮಗಿಲ್ಲ. ನಾವು ನಮ್ಮವರೇ ಆರಿಸಿದ ಸರ್ಕಾರದ ನೌಕರರು. ಆದರೂ ಅವರ ವಿಚಾರ ಯೋಚಿಸುವಾಗ ನನಗೆ ಒಂದು ಸಂಗತಿ ಗಟ್ಟಿಯಾಗುತ್ತದೆ: ನಿಷ್ಪಕ್ಷಪಾತಿಯಾಗಲು ಅಭಿಪ್ರಾಯವನ್ನು ಸುಟ್ಟುಕೊಳ್ಳಬೇಕಾಗಿಲ್ಲ. ‘ನನಗೆ ರಾಜಕೀಯವೇ ಆಗುವುದಿಲ್ಲ, ನಾನು ಪೇಪರನ್ನೇ ಓದುವುದಿಲ್ಲ’ ಎಂದು ಹೆಮ್ಮೆಯಿಂದ ಹೇಳುವ ನೌಕರರನ್ನು ನಾನು ಬಹಳ ಕಂಡಿದ್ದೇನೆ. ಅವರಲ್ಲಿ ಕೆಲವರು ತಮಗೆ ಅರಿವಿಲ್ಲದೆಯೇ ಊರಿನ ಬಲವಂತರ ಕಡೆಗೆ ವಾಲಿರುತ್ತಿದ್ದರು. ತನಗೊಂದು ಒಲವಿದೆಯೆಂದು ತಿಳಿದವನು ಆ ಒಲವಿನ ಮೇಲೆ ಕಣ್ಣಿಡಬಲ್ಲ. ತನಗೆ ಒಲವೇ ಇಲ್ಲವೆಂದುಕೊಂಡವನಿಗೆ ಅದು ಸಾಧ್ಯವಿಲ್ಲ.

ಈಗ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದಿಡುತ್ತೇನೆ. ಸೇವೆಗೆ ಸೇರಿದ ಮೊದಲ ವರ್ಷಗಳಲ್ಲಿ ನಾನು ಜೋಯಿಡಾ ಕಡೆಯ ಒಂದು ಸಜ್ಜೆಯಲ್ಲಿ, ಅಂದರೆ ಕೆಲವು ಹಳ್ಳಿಗಳ ಕಂದಾಯ ವಿಭಾಗದಲ್ಲಿ, ಗ್ರಾಮಲೆಕ್ಕಿಗನಾಗಿದ್ದೆ; ಈಗಿನ ಗ್ರಾಮ ಆಡಳಿತಾಧಿಕಾರಿಯ ಹುದ್ದೆಯೇ ಅದು. ಊರವರ ಬಾಯಲ್ಲಿ ಆಗಲೂ ‘ಶಾನುಭೋಗರು’ ಎಂದೇ. ತಾಯಿ ಘಟ್ಟದ ಕೆಳಗಿನ ಊರಿನಲ್ಲಿ ಹಾಸಿಗೆ ಹಿಡಿದಿದ್ದರು. ಮಳೆಗಾಲದಲ್ಲಿ ಬಸ್ಸು ಸಿಕ್ಕರೆ ಒಂದು ದಿನದ ಪ್ರಯಾಣ, ಸಿಗದಿದ್ದರೆ ಎರಡು. ವರ್ಗಾವಣೆಗೆ ಎರಡು ಸಲ ಅರ್ಜಿ ಕೊಟ್ಟೆ, ಉತ್ತರ ಬರಲಿಲ್ಲ. ಯಾರೋ ಪರಿಚಯದವರು ಒಬ್ಬ ಮುಖಂಡರ ಮನೆಗೆ ಕರೆದೊಯ್ದರು. ಅವರು ಕಥೆ ಕೇಳಿ, ಕಾಫಿ ಕೊಟ್ಟು, ತಮ್ಮ ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು ಬರೆದುಕೊಟ್ಟರು. ತಿಂಗಳೊಳಗೆ ಆದೇಶ ಬಂತು. ಅವರು ಒಂದು ಪೈಸೆ ಕೇಳಲಿಲ್ಲ, ಏನನ್ನೂ ಕೇಳಲಿಲ್ಲ. ಸೇವಾ ವಿಷಯಗಳಿಗೆ ಹೊರಗಿನ ಪ್ರಭಾವ ತರಬಾರದೆಂಬ ನಿಯಮ ಇದೆಯೆಂದು ನನಗೆ ಗೊತ್ತಿತ್ತು. ತಾಯಿಯ ಮುಖ ನೋಡಿ ಅದನ್ನು ಬದಿಗಿಟ್ಟೆ.

ಎರಡು ವರ್ಷ ಕಳೆದ ಮೇಲೆ ಆ ಮುಖಂಡರ ಕಡೆಯವರೊಬ್ಬರು ಒಂದು ಪೌತಿ ಖಾತೆಯ ಅರ್ಜಿ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಅರ್ಜಿ, ಹಿಡಿದು ಬಂದರು. ಅರ್ಜಿ ಸರಿಯಾಗಿಯೇ ಇತ್ತು, ದಾಖಲೆಗಳೂ ಸರಿ ಇದ್ದವು. ‘ಸಾಹೇಬರು ನಿಮ್ಮನ್ನು ಕೇಳುತ್ತಿದ್ದರು, ತಾಯಿಯವರು ಹೇಗಿದ್ದಾರೆ?’ ಎಂದಷ್ಟೇ ಹೇಳಿದರು. ನಾನು ಅವರ ಕಾಗದವನ್ನು ಕಟ್ಟಿನ ಮೇಲ್ಗಡೆ ಇಟ್ಟೆ. ಆ ವಾರವೇ ವರದಿ ಬರೆದೆ. ಅದೇ ಕಟ್ಟಿನಲ್ಲಿ ಅದಕ್ಕಿಂತ ಮೊದಲು ಬಂದಿದ್ದ ಒಬ್ಬ ವಿಧವೆಯ ಅರ್ಜಿ ಇತ್ತು. ಗಂಡನ ಹೆಸರಿನಲ್ಲಿದ್ದ ಹನ್ನೆರಡು ಗುಂಟೆ ಗದ್ದೆ ತನ್ನ ಹೆಸರಿಗಾಗಬೇಕು, ಹಾಗಾದರೆ ಸೊಸೈಟಿಯಲ್ಲಿ ಬೆಳೆಸಾಲ ಸಿಗುತ್ತದೆ ಎಂದು ಆಕೆ ಹೇಳಿದ್ದಳು. ಅವಳ ಕಾಗದ ಒಂದೊಂದೇ ಮೆಟ್ಟಿಲು ಕೆಳಗಿಳಿದು ಆರು ವಾರ ಕಾಯಿತು. ಅಷ್ಟರಲ್ಲಿ ನಾಟಿಯ ಕಾಲ ಮುಗಿದಿತ್ತು. ಅವಳು ದೂರು ಕೊಡಲಿಲ್ಲ. ಕೊಟ್ಟಿದ್ದರೂ ನನ್ನ ಮೇಲೆ ಆರೋಪ ನಿಲ್ಲುತ್ತಿರಲಿಲ್ಲ, ಯಾಕೆಂದರೆ ಎರಡೂ ಅರ್ಜಿಗಳನ್ನು ನಾನು ಕಾನೂನಿನಂತೆಯೇ ವಿಲೇವಾರಿ ಮಾಡಿದ್ದೆ. ಹಸ್ತಾಕ್ಷರ, ಮೊಹರು, ತಾರೀಖು ಎಲ್ಲ ಸರಿ. ತಪ್ಪಾದದ್ದು ಸರದಿ ಮಾತ್ರ. ಖಾತೆಯ ನಕಲು ಒಯ್ಯಲು ಬಂದ ದಿನ ಅವಳು ಸೆರಗಿನಲ್ಲಿ ಕಟ್ಟಿ ತಂದಿದ್ದ ನಾಲ್ಕು ಬಾಳೆಹಣ್ಣುಗಳನ್ನು ಮೇಜಿನ ಮೇಲಿಟ್ಟು ‘ನಿಮ್ಮಿಂದ ಉಪಕಾರವಾಯಿತು’ ಎಂದಳು. ಆ ಮಾತು ಇಂದಿಗೂ ನನ್ನೊಳಗೆ ಚುಚ್ಚುತ್ತದೆ.

ನಿಮಗೆ ನಾನು ಹೇಳಲು ಬಂದ ಮುಖ್ಯ ಮಾತು ಇದೇ. ನೌಕರ ಪಕ್ಷದ ಕಡೆಗೆ ಬೀಳುವುದು ಆದೇಶ ಬರೆಯುವ ದಿನವಲ್ಲ, ಋಣ ಮಾಡಿಕೊಂಡ ದಿನ. ಆಮೇಲೆ ಯಾರೂ ಅವನನ್ನು ಹೆದರಿಸಬೇಕಾಗಿಲ್ಲ, ಕೊಳ್ಳಬೇಕಾಗಿಲ್ಲ. ತಾಯಿಯ ಆರೋಗ್ಯ ವಿಚಾರಿಸಿದರೆ ಸಾಕು. ವರ್ಗಾವಣೆಗೆ ಮಿನಿಟ್ (ಶಿಫಾರಸು ಟಿಪ್ಪಣಿ) ತಂದವನು, ಮಗನ ಸೀಟಿಗೆ ಫೋನ್ ಮಾಡಿಸಿದವನು, ಸನ್ಮಾನದ ಶಾಲು ಹೊದೆಸಿಕೊಂಡವನು, ಎಲ್ಲರೂ ಇದೇ ದಾರಿಯಲ್ಲಿ ನಡೆದವರು. ನಮ್ಮ ಕಡೆ ಜಾತಿ ಸಂಘದ ವೇದಿಕೆಯ ಮೇಲೆ ‘ನಮ್ಮ ಸಮಾಜದ ಹೆಮ್ಮೆಯ ಅಧಿಕಾರಿ’ ಎಂದು ಕರೆಸಿಕೊಂಡು ಶಾಲು ಹೊದೆಸುವುದು ಸಾಮಾನ್ಯ. ಅದರಲ್ಲಿ ಪ್ರೀತಿಯೂ ಇರುತ್ತದೆ, ಸುಳ್ಳೆನ್ನುವುದಿಲ್ಲ. ಆದರೆ ಕೆಳಗೆ ಕುಳಿತವರಲ್ಲಿ ಒಬ್ಬನಿಗೆ ಮರುದಿನ ಕಚೇರಿಯಲ್ಲಿ ಕೆಲಸವಿರುತ್ತದೆ, ಮತ್ತು ಆ ವೇದಿಕೆಗೆ ಬಾರದ ಇನ್ನೊಂದು ಸಮುದಾಯದವನು ಆ ಫೋಟೋವನ್ನು ಪತ್ರಿಕೆಯಲ್ಲಿ ನೋಡಿರುತ್ತಾನೆ. ನಮ್ಮ ಚುನಾವಣೆಗಳು ಜಾತಿಯ ಲೆಕ್ಕದ ಮೇಲೆ ನಡೆಯುವವರೆಗೆ ಜಾತಿಯ ವೇದಿಕೆಯನ್ನು ರಾಜಕೀಯದಿಂದ ಹೊರಗಿನದೆಂದು ಎಣಿಸಲು ನನ್ನಿಂದಾಗದು.

ಸರದಿಯ ವಿಷಯಕ್ಕೆ ಮರಳುತ್ತೇನೆ. 2000ದ ಆಚೀಚೆ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಪಹಣಿಗಳೆಲ್ಲ ಕಂಪ್ಯೂಟರಿಗೆ ಹೋದಾಗ ಜನ ಕೈಬರಹದ ಪಹಣಿ ನಿಂತದ್ದನ್ನು ಮೆಚ್ಚಿಕೊಂಡರು. ನನಗೆ ಹೆಚ್ಚು ಮುಖ್ಯವೆನಿಸಿದ್ದು ಬೇರೊಂದು: ಖಾತೆ ಬದಲಾವಣೆಯ ಅರ್ಜಿಗಳು ಬಂದ ಕ್ರಮದಲ್ಲಿಯೇ ವಿಲೇವಾರಿಯಾಗಬೇಕು, ಹಿಂದಿನದನ್ನು ಮುಗಿಸದೆ ಮುಂದಿನದನ್ನು ಮುಟ್ಟಲು ಯಂತ್ರ ಬಿಡುವುದಿಲ್ಲ ಎಂಬ ವ್ಯವಸ್ಥೆ. ಹೊರಗಿನವರಿಗೆ ಅದು ತಾಂತ್ರಿಕ ವಿವರ. ನನಗೆ ಆ ವಿಧವೆಯ ಅರ್ಜಿಗೆ ತಡವಾಗಿ ಸಿಕ್ಕ ನ್ಯಾಯದಂತೆ ಕಂಡಿತು. 2011ರ ಸಕಾಲ ಕಾಯ್ದೆ ಅದರ ಮೇಲೆ ಕಾಲಮಿತಿಯನ್ನೂ ಹೇರಿತು. ಆದರೂ ಯಂತ್ರಕ್ಕೆ ಕಾಣದ ಸರದಿಗಳು ಇನ್ನೂ ಇವೆ: ಯಾರ ಜಾಗಕ್ಕೆ ಸರ್ವೆಗೆ ಮೊದಲು ಹೋದಿರಿ, ಯಾರ ಫೋನನ್ನು ಎತ್ತಿದಿರಿ, ಯಾರನ್ನು ಕುರ್ಚಿಯಲ್ಲಿ ಕೂರಿಸಿ ಯಾರನ್ನು ಬಾಗಿಲ ಬಳಿ ನಿಲ್ಲಿಸಿದಿರಿ. ಇವಕ್ಕೆ ಸಾಫ್ಟ್‌ವೇರ್ ಬರುವುದಿಲ್ಲ.

2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನ ಗೇಟುಗಳನ್ನು ತೆರೆದು ಕಾಳಿ ಉಕ್ಕಿದಾಗ ನಾನು ನಿವೃತ್ತಿಯ ಅಂಚಿನಲ್ಲಿದ್ದೆ. ಹೊಳೆ ದಂಡೆಯ ಒಂದು ಊರಿನ ಮನೆಹಾನಿ ಪಟ್ಟಿಯನ್ನು ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂತು. ಆ ವರ್ಷದ ಕ್ರಮ ನಿಮಗೆ ನೆನಪಿರಬಹುದು: ಹಾನಿ ಶೇ 75ಕ್ಕಿಂತ ಹೆಚ್ಚಾದರೆ ‘ಎ’ ವರ್ಗ, 25ರಿಂದ 75ರವರೆಗೆ ‘ಬಿ’, ಅದಕ್ಕಿಂತ ಕಡಿಮೆಯಾದರೆ ‘ಸಿ’. ‘ಎ’ ವರ್ಗದ ಮನೆಗೆ ಐದು ಲಕ್ಷ ರೂಪಾಯಿ. ‘ಸಿ’ ವರ್ಗದವರಿಗೆ ಸಿಗುವುದು ಅದರ ಮುಂದೆ ಚಿಲ್ಲರೆ. ಮಣ್ಣಿನ ಗೋಡೆ ಕುಸಿದು ಹಂಚೆಲ್ಲ ಅಂಗಳಕ್ಕೆ ಬಿದ್ದ ಮನೆ ಇದೆ. ಅದರ ಪಕ್ಕದಲ್ಲಿ ಚಿರೇಕಲ್ಲಿನ ಮನೆ ನಿಂತೇ ಇದೆ, ಆದರೆ ಒಳಗೋಡೆಯ ಮೇಲೆ ಆಳೆತ್ತರಕ್ಕೆ ಕೆಸರಿನ ಗೆರೆ, ತಳಪಾಯದ ಕೆಳಗೆ ಕೈ ಹಾಕಿದರೆ ಮೊಣಕೈವರೆಗೆ ಟೊಳ್ಳು. ಇದು ಎಷ್ಟು ಪ್ರತಿಶತ? ಟೇಪು ಹಿಡಿದ ಇಂಜಿನಿಯರಿಗೂ ಗ್ರಾಮಲೆಕ್ಕಿಗನಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆ ಅದು. ಪ್ರಾಮಾಣಿಕ ಅನುಮಾನಕ್ಕೆ ಜಾಗವಿರುವ ಇಂಥ ಕಡೆಯಲ್ಲೇ ಪಕ್ಷ ಬಂದು ಕುಳಿತುಕೊಳ್ಳುವುದು. ಎಪ್ಪತ್ತನ್ನು ಎಪ್ಪತ್ತಾರು ಮಾಡಿದರೆ ಯಾವ ಲೆಕ್ಕ ಪರಿಶೋಧಕನೂ ಹಿಡಿಯಲಾರ.

ಪಟ್ಟಿಯ ಬಗ್ಗೆ ಎರಡು ದಿನಗಳಲ್ಲಿ ಎರಡು ಕಡೆಯಿಂದ ಫೋನ್ ಬಂತು. ಒಂದು ಕಡೆಯವರು ‘ನಮ್ಮವರ ಹೆಸರು ಸಿ ವರ್ಗಕ್ಕೆ ಹೋಗಿದೆ’ ಎಂದರು, ಇನ್ನೊಂದು ಕಡೆಯವರು ‘ಎ ವರ್ಗದಲ್ಲಿ ಪೂರ್ತಿ ಅವರೇ ತುಂಬಿದ್ದಾರೆ’ ಎಂದರು. ನಾವು ಮಾಡಿದ್ದು ಇಷ್ಟು. ಪ್ರತಿ ಮನೆಯ ಎದುರು ಹಾನಿಯ ವಿವರ ಬರೆದು, ಅಂದರೆ ಎಷ್ಟು ಗೋಡೆ ಬಿದ್ದಿದೆ, ಮಾಡಿನ ಎಷ್ಟು ಭಾಗ ಹೋಗಿದೆ, ತಳಪಾಯ ಹೇಗಿದೆ ಎಂಬುದನ್ನು ಕನ್ನಡದಲ್ಲಿ ಬರೆದು, ಪಟ್ಟಿಯನ್ನು ಪಂಚಾಯತಿಯ ಗೋಡೆಗೆ ಅಂಟಿಸಿದೆವು. ಅದನ್ನು ಊರವರ ಎದುರು ಗಟ್ಟಿಯಾಗಿ ಓದಿಸಿದೆವು. ತಕರಾರು ಬಂದ ಮನೆಗಳಿಗೆ ಎರಡೂ ಕಡೆಯವರನ್ನು ಕರೆದುಕೊಂಡು ಹೋಗಿ ಮತ್ತೊಮ್ಮೆ ಅಳೆದೆವು. ಮೂರು ಮನೆಗಳ ವರ್ಗ ಬದಲಾಯಿತು. ಅದರಲ್ಲಿ ಎರಡು ನಮ್ಮದೇ ತಪ್ಪು. ಅವಸರದಲ್ಲಿ ಹಿಂಬದಿಯ ಗೋಡೆ ನೋಡಿರಲಿಲ್ಲ. ತಪ್ಪೆಂದು ಎಲ್ಲರ ಎದುರು ಒಪ್ಪಿ ತಿದ್ದಿದೆವು. ಆ ಊರಿನಲ್ಲಿ ಎಲ್ಲರೂ ಸಂತುಷ್ಟರಾದರೆಂದು ನಾನು ಹೇಳಲಾರೆ, ಆದರೆ ಆಮೇಲೆ ಫೋನ್ ಬರಲಿಲ್ಲ. ಕಾರಣವನ್ನು ಎಲ್ಲರೂ ಓದುವಂತೆ ಬರೆದ ಮೇಲೆ ಫೋನಿನಲ್ಲಿ ಹೇಳುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ.

ಬರವಣಿಗೆಯೇ ನಮ್ಮ ಕೈಯಲ್ಲಿರುವ ಆಯುಧ. ‘ಮೇಲಿನಿಂದ ಹೇಳಿದ್ದಾರೆ’ ಎಂಬ ಮಾತು ನಮ್ಮ ಕಚೇರಿಗಳಲ್ಲಿ ಕಾನೂನಿಗಿಂತ ಬಲವಾಗಿ ಓಡಾಡುತ್ತದೆ. ಮೇಲೆ ಎಂದರೆ ಎಲ್ಲಿ, ಹೇಳಿದ್ದು ಯಾರು ಎಂದು ಯಾರೂ ಕೇಳುವುದಿಲ್ಲ. ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರ ಅಕ್ಟೋಬರ್ 31ರಂದು, ಅಧಿಕಾರಿಗಳು ಬಾಯಿಮಾತಿನ ಸೂಚನೆಯ ಮೇಲೆ ನಡೆಯಬಾರದು, ಸೂಚನೆಗಳು ದಾಖಲಾಗಬೇಕು ಎಂದು ಹೇಳಿತು. ಅಖಿಲ ಭಾರತ ಸೇವೆಗಳ ನಿಯಮಗಳಲ್ಲಿ, ಮೇಲಧಿಕಾರಿಯ ಮೌಖಿಕ ಸೂಚನೆಯನ್ನು ಆದಷ್ಟು ಬೇಗ ಲಿಖಿತವಾಗಿ ದೃಢಪಡಿಸಬೇಕೆಂಬುದು ಅದಕ್ಕೂ ಹಿಂದಿನಿಂದಲೇ ಇತ್ತು. ಗ್ರಾಮ ಮಟ್ಟದ ನೌಕರ ಸುಪ್ರೀಂ ಕೋರ್ಟಿನ ತೀರ್ಪು ಹಿಡಿದು ಮೇಲಧಿಕಾರಿಯ ಎದುರು ನಿಲ್ಲಲಾರ, ಅದು ನನಗೆ ಗೊತ್ತು. ಆದರೆ ಅವನು ವಿನಯದಿಂದ ಒಂದು ಸಾಲು ಬರೆಯಬಲ್ಲ: ‘ಇಂತಹ ದಿನ ದೂರವಾಣಿಯಲ್ಲಿ ತಾವು ನೀಡಿದ ಮೌಖಿಕ ಸೂಚನೆಯಂತೆ ಕಡತವನ್ನು ಮಂಡಿಸಿದೆ.’ ಈ ಸಾಲಿನಲ್ಲಿ ಅವಿಧೇಯತೆ ಇಲ್ಲ, ಆರೋಪವಿಲ್ಲ, ನಡೆದದ್ದು ಮಾತ್ರ ಇದೆ. ನಾನು ಈ ಸಾಲನ್ನು ನನ್ನ ಸೇವೆಯ ಎರಡನೇ ಅರ್ಧದಲ್ಲಿ ಕಲಿತೆ. ಮೊದಲ ಅರ್ಧದಲ್ಲಿ ಕಲಿತಿದ್ದರೆ ಒಳ್ಳೆಯದಿತ್ತು. ಸರಿಯಾದ ಸೂಚನೆ ಕೊಟ್ಟವರು ಆ ಸಾಲಿನ ಕೆಳಗೆ ಸಹಿ ಹಾಕಿದರು. ಉಳಿದವರು ‘ಕಡತ ಸದ್ಯ ಇರಲಿ’ ಎಂದರು.

1949ರ ಅಕ್ಟೋಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಸರ್ದಾರ್ ಪಟೇಲರು ನಾಗರಿಕ ಸೇವೆಗಳ ಪರವಾಗಿ ವಾದಿಸುವಾಗ, ತಮ್ಮ ಕಾರ್ಯದರ್ಶಿ ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ಟಿಪ್ಪಣಿಯನ್ನು ಬರೆಯಬಹುದು, ಆ ಸ್ವಾತಂತ್ರ್ಯವನ್ನು ತಾವೇ ಕೊಟ್ಟಿದ್ದೇವೆ ಎಂಬ ಅರ್ಥದ ಮಾತು ಆಡಿದರು. ಸಂವಿಧಾನದ 311ನೇ ವಿಧಿ, ವಿಚಾರಣೆಯಿಲ್ಲದೆ ನೌಕರನನ್ನು ವಜಾ ಮಾಡಬಾರದೆಂಬ ರಕ್ಷಣೆ, ಬಂದದ್ದು ನಮ್ಮ ಸಂಬಳ ಕಾಯುವುದಕ್ಕಲ್ಲ. ಅಂತಹ ಟಿಪ್ಪಣಿ ಬರೆಯುವ ಕೈ ನಡುಗದಿರಲೆಂದು. ಆ ರಕ್ಷಣೆಯನ್ನು ಸೋಮಾರಿತನಕ್ಕೆ ಬಳಸಿದಷ್ಟು ನಾವು ಧೈರ್ಯಕ್ಕೆ ಬಳಸಲಿಲ್ಲವೆಂಬ ನೋವು ನನಗಿದೆ.

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ನ್ಯಾಯವಾಗದು. ಭಿನ್ನ ಟಿಪ್ಪಣಿ ಬರೆದ ಮೇಲೂ ಆರಿಸಿಬಂದ ಸರ್ಕಾರ ಕಾನೂನಿನೊಳಗೆ ಒಂದು ತೀರ್ಮಾನ ಮಾಡಿದರೆ, ಅದನ್ನು ಪೂರ್ಣ ಮನಸ್ಸಿನಿಂದ ಜಾರಿ ಮಾಡುವುದು ನಮ್ಮ ಕರ್ತವ್ಯ. ನಾನು ಮತ ಹಾಕದ ಪಕ್ಷ ಗೆದ್ದಿದೆಯೆಂದು ಅದರ ಯೋಜನೆಯ ಅರ್ಜಿಗಳನ್ನು ನಿಧಾನಿಸುವವನು ಕೂಡ ಪಕ್ಷಪಾತಿಯೇ. ಸರ್ಕಾರ ಬೇರೆ, ಪಕ್ಷ ಬೇರೆ ಎಂಬ ಗೆರೆಯನ್ನು ಎರಡು ಬದಿಯಿಂದಲೂ ಕಾಯಬೇಕು. ಯೋಜನೆಯ ವಿವರವನ್ನು ಮನೆಮನೆಗೆ ತಲುಪಿಸುವುದು ನಮ್ಮ ಕೆಲಸ. ಅದನ್ನು ಕೊಟ್ಟವರಿಗೆ ಋಣಿಯಾಗಿರಿ ಎನ್ನುವುದು ನಮ್ಮ ಕೆಲಸವಲ್ಲ. ಫಲಾನುಭವಿಗಳ ಸಮಾವೇಶಕ್ಕೆ ಇಷ್ಟು ಬಸ್ಸು, ಇಷ್ಟು ಜನ ಎಂದು ಗುರಿ ಕೊಡುವ ಪದ್ಧತಿ ಎಲ್ಲ ಪಕ್ಷಗಳ ಕಾಲದಲ್ಲೂ ಬೆಳೆದಿದೆ. ಕಾರ್ಯಕ್ರಮ ಸರ್ಕಾರದ್ದಾಗಿದ್ದು ಲಿಖಿತ ಸುತ್ತೋಲೆ ಇದ್ದರೆ ಮಾಹಿತಿ ತಿಳಿಸಬೇಕು, ಬರಬೇಕೆನ್ನುವವರಿಗೆ ಅನುಕೂಲ ಮಾಡಬೇಕು. ಬಾರದಿದ್ದರೆ ಪಿಂಚಣಿ ನಿಲ್ಲುತ್ತದೆ ಎಂದು ಮುದುಕಿಯೊಬ್ಬಳಿಗೆ ಹೇಳಿದ ಕ್ಷಣ ನೀವು ನೌಕರರಾಗಿ ಉಳಿದಿಲ್ಲ.

ನಮ್ಮ ಜಿಲ್ಲೆಯಲ್ಲಿ ಈ ವಿಚಾರದ ಅತ್ಯಂತ ಕಠಿಣ ಪರೀಕ್ಷೆ ಅರಣ್ಯ ಅತಿಕ್ರಮಣದ್ದು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಬುಡಕಟ್ಟಿಗೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಈ ಅರ್ಜಿಗಳನ್ನು ಪರಿಶೀಲಿಸುವ ಉಪವಿಭಾಗ ಸಮಿತಿಗೆ ಉಪವಿಭಾಗಾಧಿಕಾರಿ, ಜಿಲ್ಲಾ ಸಮಿತಿಗೆ ಜಿಲ್ಲಾಧಿಕಾರಿ ಅಧ್ಯಕ್ಷರು. ಚುನಾವಣೆ ಬಂದಾಗಲೆಲ್ಲ ಎಲ್ಲ ವೇದಿಕೆಗಳಿಂದ ಭರವಸೆ ಕೇಳಿಬರುತ್ತದೆ. ಅರ್ಜಿ ತಿರಸ್ಕಾರದ ಪತ್ರದ ಮೇಲೆ ಸಹಿ ಮಾತ್ರ ಅಧಿಕಾರಿಯದು. 1974ರ ಭೂಸುಧಾರಣೆಯ ಕಾಲದಲ್ಲಿ ಗೇಣಿದಾರರು ಉಳುವ ಭೂಮಿಯ ಹಕ್ಕು ಕೇಳಿ ಕೊಟ್ಟ ನಮೂನೆ 7ರ ಅರ್ಜಿಗಳನ್ನು ವಿಚಾರಿಸಿದ ಭೂ ನ್ಯಾಯಮಂಡಳಿಗಳಲ್ಲಿಯೂ ಉಪವಿಭಾಗಾಧಿಕಾರಿಯ ಪಕ್ಕದಲ್ಲಿ ಸರ್ಕಾರ ನೇಮಿಸಿದ ಸದಸ್ಯರು ಕೂರುತ್ತಿದ್ದರು. ಗೇಣಿ ಪದ್ಧತಿ ಆಳವಾಗಿ ಬೇರೂರಿದ್ದ ಈ ಜಿಲ್ಲೆಯಲ್ಲಿ ಆ ತೀರ್ಮಾನಗಳು ಸಾವಿರಾರು ಮನೆಗಳ ಬದುಕನ್ನು ಬದಲಿಸಿದವು. ಅಂಥ ಕಡೆ ಅಧಿಕಾರಿಯ ನಿಷ್ಪಕ್ಷಪಾತ ಗೊತ್ತಾಗುವುದು ಅವನು ಎಷ್ಟು ಅರ್ಜಿ ಒಪ್ಪಿದ, ಎಷ್ಟು ತಿರಸ್ಕರಿಸಿದ ಎಂಬ ಸಂಖ್ಯೆಯಿಂದಲ್ಲ. ಅರ್ಜಿದಾರನ ಮಾತು ಕೇಳಿದನೇ, ಊರಿನ ಹಿರಿಯರ ಹೇಳಿಕೆಯೂ ಸಾಕ್ಷ್ಯವೆಂದು ನಿಯಮ ಹೇಳುವಾಗ ಕಾಗದವನ್ನೇ ತಾ ಎಂದು ಹಟ ಹಿಡಿದನೇ, ತಿರಸ್ಕಾರಕ್ಕೆ ಕಾರಣ ಬರೆದನೇ ಎಂಬುದರಿಂದ. 2019ರ ಫೆಬ್ರವರಿ 13ರಂದು ತಿರಸ್ಕೃತ ಅರ್ಜಿದಾರರನ್ನು ತೆರವುಗೊಳಿಸಲು ಸುಪ್ರೀಂ ಕೋರ್ಟು ಆದೇಶಿಸಿ, ಅದೇ 28ರಂದು ತಡೆ ನೀಡಿ, ತಿರಸ್ಕಾರದಲ್ಲಿ ಸರಿಯಾದ ಕ್ರಮ ಪಾಲಿಸಲಾಗಿದೆಯೇ ಎಂದು ರಾಜ್ಯಗಳನ್ನು ಕೇಳಿದಾಗ, ಎಷ್ಟೋ ಕಚೇರಿಗಳಲ್ಲಿ ಹಳೆಯ ಕಡತಗಳನ್ನು ಹುಡುಕಬೇಕಾಯಿತು.

ಚುನಾವಣೆಯ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ವ್ಯವಸ್ಥೆ ನಿಮ್ಮನ್ನು ಚೆನ್ನಾಗಿಯೇ ಕಾಯುತ್ತದೆ. ಯಾವ ಮತಗಟ್ಟೆಗೆ ಹೋಗುತ್ತೀರೆಂದು ಕೊನೆಯ ಗಳಿಗೆಯವರೆಗೆ ನಿಮಗೇ ತಿಳಿಯದಂತೆ ಕಂಪ್ಯೂಟರ್ ಹಂಚುತ್ತದೆ. ಮತದಾನಕ್ಕೆ ತೊಂಬತ್ತು ನಿಮಿಷ ಮೊದಲು ಏಜೆಂಟರ ಎದುರು ಕನಿಷ್ಠ 50 ಅಣಕು ಮತ ಹಾಕಿಸಿ, ಫಲಿತಾಂಶ ತೋರಿಸಿ, ಯಂತ್ರವನ್ನು ಖಾಲಿ ಮಾಡಿ, ಚೀಟಿಗಳನ್ನು ಕಪ್ಪು ಲಕೋಟೆಯಲ್ಲಿಟ್ಟು ಮೊಹರು ಮಾಡುತ್ತೀರಿ. ನಸುಕಿನ ಐದೂವರೆಗೆ, ಶಾಲೆಯ ಬೆಂಚಿನ ಮೇಲೆ, ರಾತ್ರಿ ನಿದ್ದೆಗೆಟ್ಟ ಕಣ್ಣುಗಳಿಂದ ಮಾಡುವ ಆ ಕೆಲಸ ನನಗೆ ಯಾವಾಗಲೂ ಪೂಜೆಯಷ್ಟು ಗಂಭೀರವಾಗಿ ಕಂಡಿದೆ.

ಆದರೆ ನೀತಿಸಂಹಿತೆಯನ್ನು ನೆವ ಮಾಡಿಕೊಂಡು ಕೈಕಟ್ಟಿ ಕೂರುವುದನ್ನು ನಾನು ಒಪ್ಪುವುದಿಲ್ಲ. 2023ರ ವಿಧಾನಸಭೆಗೆ ಮೇ 10ರಂದು, 2024ರ ಲೋಕಸಭೆಗೆ ನಮ್ಮಲ್ಲಿ ಮೇ 7ರಂದು ಮತದಾನವಾಯಿತು. ಕರಾವಳಿಯ ಬಾವಿಗಳಿಗೆ ಉಪ್ಪು ನುಗ್ಗುವ, ಘಟ್ಟದ ಮೇಲೆ ಕೆರೆ ಬತ್ತುವ ಕಾಲ ಅದು. ಆಗ ನೀರು ಕೇಳಲು ಬಂದವರಿಗೆ ‘ನೀತಿಸಂಹಿತೆ ಮುಗಿಯಲಿ’ ಎನ್ನುವ ಉತ್ತರ ಸುಲಭ. ಸಂಹಿತೆ ತಡೆಯುವುದು ಹೊಸ ಘೋಷಣೆಗಳನ್ನು, ಶಂಕುಸ್ಥಾಪನೆಗಳನ್ನು. ಅದಾಗಲೇ ನಡೆಯುತ್ತಿರುವ ಕೆಲಸವನ್ನಲ್ಲ, ತುರ್ತು ಪರಿಹಾರವನ್ನಂತೂ ಅಲ್ಲ. ಅನುಮಾನವಿದ್ದರೆ ಚುನಾವಣಾಧಿಕಾರಿಗೆ ಬರೆದು ಅನುಮತಿ ಪಡೆಯಬಹುದು. ನಿಷ್ಪಕ್ಷಪಾತದ ಹೆಸರಿನಲ್ಲಿ ಟ್ಯಾಂಕರ್ ನಿಲ್ಲಿಸಿದರೆ ಬಾಯಾರುವುದು ಯಾವ ಪಕ್ಷಕ್ಕೂ ಅಲ್ಲ.

ಮೊಬೈಲಿನ ಬಗ್ಗೆ ಒಂದು ಮಾತು. ನಮ್ಮ ಕಾಲದಲ್ಲಿ ಅಭಿಪ್ರಾಯ ಚಹಾ ಅಂಗಡಿಯಲ್ಲಿ ಹುಟ್ಟಿ ಅಲ್ಲಿಯೇ ಆರುತ್ತಿತ್ತು. ಈಗ ನೀವು ರಾತ್ರಿ ಹನ್ನೊಂದಕ್ಕೆ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕಿದ ಚಿತ್ರವನ್ನು ಬೆಳಿಗ್ಗೆ ಹತ್ತಕ್ಕೆ ನಿಮ್ಮ ಎದುರು ನಿಲ್ಲುವ ಅರ್ಜಿದಾರ ನೋಡಿಕೊಂಡೇ ಬಂದಿರುತ್ತಾನೆ. ನೀವು ಅವನ ಕೆಲಸವನ್ನು ಎಷ್ಟೇ ಪ್ರಾಮಾಣಿಕವಾಗಿ ಮಾಡಿದರೂ, ಆಗದಿದ್ದಾಗ ಆ ಚಿತ್ರವೇ ಕಾರಣವೆಂದು ಅವನು ನಂಬುತ್ತಾನೆ. ಅವನ ನಂಬಿಕೆಯನ್ನು ಅಲ್ಲಗಳೆಯಲು ನಿಮ್ಮಲ್ಲಿ ಏನೂ ಇರುವುದಿಲ್ಲ.

ಉಪನ್ಯಾಸ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಯುವತಿಯೊಬ್ಬರು ಎದ್ದು ನಿಂತು ಕೇಳಿದರು: ‘ನಮ್ಮದು ಕೂಡುಕುಟುಂಬ. ಅಣ್ಣ ಒಂದು ಪಕ್ಷದ ಕಾರ್ಯಕರ್ತ, ಈ ಸಲ ತಾಲೂಕು ಪಂಚಾಯಿತಿಗೆ ನಿಲ್ಲಬೇಕೆಂದಿದ್ದಾನೆ. ನಾನು ಅದೇ ತಾಲೂಕಿನಲ್ಲಿ ಕೆಲಸ ಮಾಡುತ್ತೇನೆ. ಏನು ಮಾಡಲಿ?’ ಅವರ ದನಿಯಲ್ಲಿ ಅಳುಕಿತ್ತು; ಈ ಪ್ರಶ್ನೆಯನ್ನು ಅವರು ಬಹಳ ದಿನಗಳಿಂದ ಹೊತ್ತುಕೊಂಡಿದ್ದರೆಂದು ತೋರಿತು. ನಾನು ಹೇಳಿದ್ದು ಇಷ್ಟು. ಅಣ್ಣನಿಗೆ ನಿಲ್ಲುವ ಹಕ್ಕಿದೆ, ನೀವು ತಡೆಯಬೇಕಾಗಿಲ್ಲ. ಅವರು ನಾಮಪತ್ರ ಕೊಟ್ಟ ದಿನವೇ ನಿಮ್ಮ ಮೇಲಧಿಕಾರಿಗೆ ಪತ್ರ ಬರೆದು ಸಂಬಂಧವನ್ನು ತಿಳಿಸಿ, ಆ ಕ್ಷೇತ್ರದ ಚುನಾವಣಾ ಕೆಲಸದಿಂದ ಬಿಡುವು ಕೇಳಿ. ಪತ್ರದ ಸ್ವೀಕೃತಿಯನ್ನು ತೆಗೆದಿಟ್ಟುಕೊಳ್ಳಿ. ಅಣ್ಣ ಕರೆತಂದ ಯಾರ ಅರ್ಜಿಯನ್ನೂ ಮನೆಯಲ್ಲಿ ಮುಟ್ಟಬೇಡಿ, ಕಚೇರಿಗೆ ಬಂದು ಸರದಿಯಲ್ಲಿ ಕೊಡಲು ಹೇಳಿ. ಮೆರವಣಿಗೆಯಲ್ಲಿ ನಿಲ್ಲಬೇಡಿ, ಗೆದ್ದ ದಿನದ ಫೋಟೋದಲ್ಲಿಯೂ ಬೇಡ.

‘ಮನೆಯ ಮೇಲೆ ಬಾವುಟ ಕಟ್ಟುತ್ತಾನೆ’ ಎಂದರು ಅವರು. ನೌಕರ ತನ್ನ ಮೈಮೇಲೆ, ವಾಹನದ ಮೇಲೆ, ವಾಸದ ಮನೆಯ ಮೇಲೆ ಚುನಾವಣಾ ಚಿಹ್ನೆ ಪ್ರದರ್ಶಿಸಿದರೆ ಅದನ್ನು ಪ್ರಭಾವ ಬೀರಿದಂತೆಯೇ ಎಂದು ನಡತೆ ನಿಯಮ ಎಣಿಸುತ್ತದೆ, ಆದ್ದರಿಂದ ಅಣ್ಣನೊಂದಿಗೆ ಮೊದಲೇ ಕೂತು ಮಾತನಾಡಿ, ಬಾವುಟವನ್ನು ಅಂಗಳದಾಚೆ ಅವನ ಕಾರ್ಯಾಲಯದ ಮೇಲೆ ಕಟ್ಟಲು ಹೇಳಿ ಎಂದೆ. ಅವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ತಲೆಯೆತ್ತಿ, ಪತ್ರದ ಒಕ್ಕಣೆ ಹೇಗಿರಬೇಕೆಂದು ಕೇಳಿದರು. ಸಭೆ ಚದುರಿದ ಮೇಲೆ ನಾವಿಬ್ಬರೂ ಮೇಜಿನ ಬಳಿ ಕುಳಿತು ಅದನ್ನು ಬರೆದೆವು.